ಹಿಲ್ಯಾಳ ಬಾಣಲೆ

ಒದ್ದೆ ಉಣ್ಣೆ, ಒಲೆಯ ಹೊಗೆ, ಪಾಚಿ, ಅವುಗಳ ಜೊತೆಗೆ ಒಣಗುತ್ತಿರುವ ಅಣಬೆಯ ಮೆಣಸಿನಂಥ ತೆಳು ಘಾಟು. ಆಲ್ಪೊನ ಪಾಲಿಗೆ ಅಕ್ಟೋಬರ್ ತಿಂಗಳೆಂದರೆ ಈ ವಾಸನೆಯೇ. ಅವನು ಚಿಕ್ಕವನಾಗಿದ್ದಾಗ ತಾಯಿ ಹಿಲ್ಯಾ ಕಾಡಿನಿಂದ ಬಂದು ಕಂದು ಬಣ್ಣದ ಕೋಟನ್ನು ಬಾಗಿಲ ಹಿಂದಿನ ಗೂಟಕ್ಕೆ ಸಿಕ್ಕಿಸಿದರೆ, ಅವನು ಅದರ ಮಡಿಕೆಯೊಳಗೆ ಮುಖ ಹುದುಗಿಸಿ ನಿಂತುಬಿಡುತ್ತಿದ್ದ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ಈಗ ಆಲ್ಪೊನಿಗೆ ಅರವತ್ತು ದಾಟಿತ್ತು. ಕೈವೋಲಾ ಊರಿನ ಶಾಲಾ ಬಸ್ಸನ್ನು ಬಹಳ ಕಾಲ ಓಡಿಸಿ ನಿವೃತ್ತನಾಗಿದ್ದ. ಆ ಶನಿವಾರ ಬೆಳಿಗ್ಗೆ ಅಟ್ಟದ ಮೇಲೆ ಅಣಬೆಯ ಬುಟ್ಟಿ ಹುಡುಕುತ್ತಿದ್ದಾಗ, ಮೂಸ್ ಎಂಬ ಕುದುರೆಗಾತ್ರದ ಕಂದು ಜಿಂಕೆಯ, ಸುರುಳಿ ಸುತ್ತಿಟ್ಟ ಚರ್ಮದ ನಡುವೆ ಆ ಹಳೆಯ ಕೋಟು ಸಿಕ್ಕಿತು. ಮೂಗಿಗೆ ಹಿಡಿದ. ಐವತ್ತು ವರ್ಷ ಎಲ್ಲೋ ಹೋಯಿತು. ಹೆಂಗಸರ ಕೋಟು, ತೋಳು ಗಿಡ್ಡ, ಹೊಟ್ಟೆಯ ಹತ್ತಿರ ಬಿಗಿ. ಆದರೂ ಉಸಿರು ಹಿಡಿದು ಗುಂಡಿ ಹಾಕಿಕೊಂಡೇಬಿಟ್ಟ. ತೊಂದರೆ ಶುರುವಾದದ್ದು ಆ ಕೋಟಿನಿಂದಲೇ.

ಮರುದಿನ ಭಾನುವಾರ ಅವನ ಹೆಂಡತಿ ಐಲಾಳಿಗೆ ಅರವತ್ತು ತುಂಬುವ ದಿನ. ಅವಳ ಅಕ್ಕ ಟಾಂಪೆರೆಯಿಂದ ಬರುವವಳಿದ್ದಳು. ಏನು ಉಡುಗೊರೆ ಬೇಕೆಂದು ಕೇಳಿದ್ದಕ್ಕೆ ಐಲಾ, "ನನಗೇನೂ ಬೇಡ. ಅತ್ತೆ ಮಾಡ್ತಿದ್ರಲ್ಲ, ಅಣಬೆ ಪಿರಾಕ್ಕ, ಅದೊಂದು ಆದ್ರೆ ಸಾಕು," ಎಂದಿದ್ದಳು. ರೈ ಹಿಟ್ಟಿನ ದಪ್ಪ ಹಾಳೆಯ ಮೇಲೆ ಅಣಬೆ, ಈರುಳ್ಳಿ, ಕೆನೆ ಸುರಿದು ಒಲೆಯೊಳಗೆ ಬೇಯಿಸಿದರೆ ಪಿರಾಕ್ಕವಾಗುತ್ತದೆ. ಅದಕ್ಕೆ ಆಲಿಕೆ ಅಣಬೆಯೇ ಆಗಬೇಕು, ಅದೂ ಹಿಲ್ಯಾಳ ಜಾಗದ್ದೇ ಆಗಬೇಕು. ಆಲ್ಪೊ ಎರಡು ವಾರ ನೆಗಡಿ ಹಿಡಿದು ಮಲಗಿದ್ದ. ಎದ್ದು ನೋಡುವಷ್ಟರಲ್ಲಿ ಮೂಸ್ ಬೇಟೆಯ ಕಾಲ ಬಂದುಬಿಟ್ಟಿತ್ತು. ಊರಿನ ಬೇಟೆಯ ತಂಡ ಆ ಶನಿವಾರ ಕಾಡಿಗೆ ಇಳಿಯುವುದಿತ್ತು.

ಹೊರಗಿನವರಿಗೆ ಒಂದು ಮಾತು ಹೇಳದಿದ್ದರೆ ಆಲ್ಪೊನ ಸಂಕಟ ಅರ್ಥವಾಗುವುದಿಲ್ಲ. ಕೈವೋಲಾದ ಜನ ಕೇಳಿದರೆ ಟ್ರ್ಯಾಕ್ಟರ್ ಕೊಡುತ್ತಾರೆ, ದೋಣಿ ಕೊಡುತ್ತಾರೆ, ಶನಿವಾರ ಸಂಜೆ ತಮ್ಮ ಸೌನಾ ಎಂಬ ಉಗಿಸ್ನಾನದ ಮನೆಯ ಬೀಗದ ಕೈಯನ್ನೂ ಕೊಡುತ್ತಾರೆ. ಅಣಬೆ ಸಿಗುವ ಜಾಗವನ್ನು ಮಾತ್ರ ಕೊಡುವುದಿಲ್ಲ. ಅದನ್ನು ಕೇಳುವುದೂ ಇಲ್ಲ. ಮಾನವಂತರು ಒಬ್ಬರನ್ನೊಬ್ಬರು ಸಂಬಳ ಎಷ್ಟೆಂದು ಕೇಳಬಹುದು, ಅಣಬೆ ಎಲ್ಲಿಯದೆಂದು ಕೇಳಬಾರದು. ಆ ಜಾಗ ಮನೆಯ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಸಾವಿನ ಹಾಸಿಗೆಯಲ್ಲಿ. ಹಿಲ್ಯಾ ಕೂಡ ಆಸ್ಪತ್ರೆಯಲ್ಲಿ ಮಗನ ಕಿವಿ ಹತ್ತಿರಕ್ಕೆಳೆದು, "ನೋಡೋ, ಜೀವಮಾನದಲ್ಲಿ ಇದನ್ನ ಯಾರಿಗೂ ಹೇಳಿಲ್ಲ. ಜೋಪಾನ," ಎಂದೇ ಕಣ್ಣು ಮುಚ್ಚಿದ್ದಳು. ಆಲ್ಪೊ ಐಲಾಳಿಗೂ ಹೇಳಿರಲಿಲ್ಲ.

ಬೇಟೆಯ ಕಾಲದಲ್ಲಿ ಕಾಡಿಗೆ ಹೋಗುವವರಿಗೆ ಬುದ್ಧಿವಾದವೂ ಎಲ್ಲರಿಗೂ ಗೊತ್ತಿದ್ದದ್ದೇ. ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊ. ಸದ್ದು ಮಾಡುತ್ತ ನಡೆ. ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗು. ದಾರಿ ಬಿಟ್ಟು ಇಳಿಯಬೇಡ. ಇದರಲ್ಲಿ ಯಾವುದನ್ನು ಪಾಲಿಸಿದರೂ ಜೀವ ಉಳಿಯುತ್ತದೆ, ಅಣಬೆಯ ಗುಟ್ಟು ಹೋಗುತ್ತದೆ.

"ಏನಿದು ವೇಷ?" ಎಂದಳು ಐಲಾ, ಅಟ್ಟದಿಂದ ಇಳಿದ ಗಂಡನನ್ನು ನೋಡಿ.

"ಅಮ್ಮನ ಕೋಟು. ಬೆಚ್ಚಗಿದೆ."

"ಕಡು ಕಂದು ಬಣ್ಣ. ದೂರದಿಂದ ನೋಡಿದ್ರೆ ನೀನೇ ಒಂದು ಮೂಸ್. ಬಿಚ್ಚು, ಈ ಜಾಕೀಟು ಹಾಕ್ಕೋ." ಆಕೆ ಕಿತ್ತಳೆ ಜಾಕೀಟನ್ನು ಅವನ ಕೈಗೆ ತುರುಕಿದಳು. "ಯಾವ ಕಡೆ ಹೋಗ್ತೀಯ, ಅದನ್ನಾದ್ರೂ ಹೇಳು."

"ಉತ್ತರದ ದಿಣ್ಣೆ ಕಡೆ."

ಐಲಾ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. "ಆಯ್ತು," ಎಂದಳು. ಒಳಗೆ ಹೋಗಿ, ಹಿಲ್ಯಾಳ ಕಾಲದ ಹಸುವಿನ ಗಂಟೆಯನ್ನು ತಂದು ಬುಟ್ಟಿಯ ಹಿಡಿಗೆ ಕಟ್ಟಿದಳು. "ಇದು ಸದ್ದು ಮಾಡ್ತಾ ಇರ್ಲಿ."

ಆಲ್ಪೊ ಬಾಗಿಲು ದಾಟಿದವನು ಕೊಟ್ಟಿಗೆಯ ಹಿಂದೆ ನಿಂತು, ಕಿತ್ತಳೆ ಜಾಕೀಟು ಒಳಗೆ ಹಾಕಿ, ಅದರ ಮೇಲೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಲವಂತದಿಂದ ಹಾಕಿದ. ಗಂಟೆಯ ಬಾಯಿಗೆ ಪಾಚಿ ತುಂಬಿದ. ಕಾರಣ ಸಿರ್ಕಾ.

ಸಿರ್ಕಾ ಪಕ್ಕದ ಮನೆಯವಳು. ಔಷಧಿ ಅಂಗಡಿಯ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷದ ಹಿಂದೆ ಪಟ್ಟಣದಿಂದ ಬಂದವಳು. ಒಳ್ಳೆಯ ಹೆಂಗಸು, ಆದರೆ ಊರಿನ ನಡವಳಿಕೆ ಗೊತ್ತಿಲ್ಲ. ಬಂದ ಮೊದಲ ವಾರವೇ, ನಾಲ್ಕು ಜನರ ಮುಂದೆ, "ಆಲ್ಪೊ ಅವರೇ, ನಿಮ್ಮ ಅಣಬೆ ಎಲ್ಲಿ ಸಿಗುತ್ತೆ?" ಎಂದು ಕೇಳಿಬಿಟ್ಟಿದ್ದಳು. ಎಲ್ಲರೂ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡಿದ್ದರು. ಅಂದಿನಿಂದ ಸಿರ್ಕಾಳ ಅಡುಗೆಮನೆಯ ಕಿಟಕಿ ಅಂದರೆ ಆಲ್ಪೊನಿಗೆ ಪೊಲೀಸ್ ಚೌಕಿ. ಆಕೆ ಹಕ್ಕಿ ನೋಡಲೆಂದು ಅಲ್ಲಿ ದುರ್ಬೀನು ಬೇರೆ ಇಟ್ಟುಕೊಂಡಿದ್ದಳು. ಹಳದಿ ಹೊಲದ ಅಂಚಿನಲ್ಲಿ ಕಿತ್ತಳೆ ಬಣ್ಣ ನಡೆದರೆ ಅದು ಕುರುಡನಿಗೂ ಕಾಣುತ್ತದೆ.

ಕಿಟಕಿಯ ಕೆಳಗೆ ಬಗ್ಗಿ ದಾಟಿ, ಕಾಡಿನ ದಾರಿ ಶುರುವಾಗುವಲ್ಲಿಗೆ ಬಂದಾಗ ಅಲ್ಲಿ ಹಳದಿ ಹಲಗೆ ನೆಟ್ಟಿದ್ದರು: ಬೇಟೆ ನಡೆದಿದೆ, ಎಚ್ಚರ. ಹಲಗೆಯ ಪಕ್ಕ ರೈಮೊ ನಿಂತಿದ್ದ. ಬೇಟೆಯ ತಂಡದ ಮುಖಂಡ. ತಲೆಯಿಂದ ಸೊಂಟದವರೆಗೆ ಕಿತ್ತಳೆ, ಕೈಯಲ್ಲಿ ವಾಕಿಟಾಕಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು.

"ಆಲ್ಪೊ, ಕಿತ್ತಳೆ ಎಲ್ಲಿ?"

"ಒಳಗಿದೆ."

"ಒಳಗಿದ್ರೆ ಯಾರಿಗೆ ಕಾಣ್ಬೇಕು, ನಿನ್ನ ಹೊಟ್ಟೆಗಾ?"

"ಚಳಿ ಕಣೋ."

ರೈಮೊ ತನ್ನ ತಲೆಯ ಕಿತ್ತಳೆ ಟೋಪಿ ತೆಗೆದು ಆಲ್ಪೊನ ತಲೆಗೆ ಹಾಕಿದ. ಅವನ ಬೋಳು ತಲೆಯ ಮೇಲೆ ತುಂತುರು ಬೀಳತೊಡಗಿತು. "ಯಾವ ಕಡೆ ಹೋಗ್ತಿದೀಯ? ಹೇಳಿದ್ರೆ ನಮ್ಮವರಿಗೆ ತಿಳಿಸ್ತೀನಿ. ಆ ಕಡೆಯಿಂದ ದೂರ ಇರ್ತಾರೆ."

"ಉತ್ತರದ ದಿಣ್ಣೆ."

"ಉತ್ತರದ ದಿಣ್ಣೆ," ಎಂದ ರೈಮೊ, ಮಗ್ಗಿ ತಪ್ಪು ಹೇಳಿದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ ನೋಡುತ್ತ. "ಖಂಡಿತಾನಾ?"

"ಮತ್ತಿನ್ನೆಲ್ಲಿಗೆ ಹೋಗ್ಲಿ?"

"ಅದೂ ಸರೀನೇ. ಹೋಗು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹಾಡು ಹೇಳು. ಮೂಸ್ ಹಾಡೋದನ್ನ ಇವತ್ತಿನವರೆಗೂ ಯಾರೂ ಕೇಳಿಲ್ಲ."

ಆಲ್ಪೊ ಉತ್ತರದ ದಾರಿ ಹಿಡಿದು, ಮೊದಲ ತಿರುವು ಕಳೆಯುತ್ತಲೇ ಟೋಪಿ ತೆಗೆದು ಜೇಬಿಗೆ ಹಾಕಿದ. ದಕ್ಷಿಣಕ್ಕೆ ತಿರುಗಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಧ್ವನಿ ಬಂತು.

"ಅಯ್ಯೋ, ಆಲ್ಪೊ ಅವರಾ. ಯಾರೋ ಅಜ್ಜಿ ದಾರಿ ತಪ್ಪಿ ಅಲೀತಿದಾರೆ ಅಂದ್ಕೊಂಡು ಓಡಿ ಬಂದೆ."

ಸಿರ್ಕಾ. ಆಕೆಯ ಮೇಲೆ ಕಿತ್ತಳೆ ಜಾಕೀಟು, ತಲೆಗೆ ಕಿತ್ತಳೆ ಟೋಪಿ, ಕೈಯಲ್ಲಿ ಕಿತ್ತಳೆ ಕೊಡೆ. ಆಕೆಯ ಗಿಡ್ಡ ಕಾಲಿನ ನಾಯಿ ಪುಲ್ಲಾನಿಗೂ ಹೊಟ್ಟೆಗೊಂದು ಕಿತ್ತಳೆ ಬಟ್ಟೆ. ಇಬ್ಬರೂ ಸೇರಿ ಒಂದು ಹಣ್ಣಿನ ಅಂಗಡಿಯಂತೆ ಹೊಳೆಯುತ್ತಿದ್ದರು.

"ಅಣಬೆಗಾ?" ಎಂದಳು.

"ಛೆ, ಇಲ್ಲ. ಸುಮ್ಮನೆ ಗಾಳಿ ತಗೊಳ್ಳೋಕೆ."

"ಬುಟ್ಟಿ ಯಾಕೆ?"

ಆಲ್ಪೊ ಬುಟ್ಟಿಯನ್ನು ತಾನೇ ಮೊದಲ ಸಲ ನೋಡಿದವನಂತೆ ನೋಡಿದ. "ಗಾಳಿ ಜಾಸ್ತಿ ಸಿಕ್ಕಿದ್ರೆ ಮನೆಗೂ ತರೋಣ ಅಂತ."

ಸಿರ್ಕಾ ಮನಸಾರೆ ನಕ್ಕಳು. "ಇಂಥ ದಿನ ಒಬ್ಬರೇ ಹೋಗೋದು ಒಳ್ಳೇದಲ್ಲ. ನಾನೂ ಬರ್ತೀನಿ. ಇಬ್ಬರಿದ್ರೆ ಮಾತು, ಮಾತಿದ್ರೆ ಸದ್ದು, ಸದ್ದಿದ್ರೆ ಕ್ಷೇಮ."

ಆ ಕ್ಷೇಮವನ್ನು ಆಲ್ಪೊ ಇಡೀ ಉತ್ತರ ದಿಣ್ಣೆಯುದ್ದಕ್ಕೂ ಅನುಭವಿಸಿದ. ಆಕೆ ಮಂಡಿನೋವಿನ ಮುಲಾಮಿನಿಂದ ಶುರುಮಾಡಿ, ಪಟ್ಟಣದ ತಂಗಿಯ ಎರಡನೆಯ ಮದುವೆಯವರೆಗೆ ಬಂದಳು. ಅವನು ಬೇಗ ನಡೆದರೆ ಆಕೆಯೂ ಬೇಗ ನಡೆದಳು, ನಿಂತರೆ ನಿಂತಳು. ಅದೇ ಬಂಡೆಯನ್ನು ಅವರು ಮೂರನೆಯ ಸಲ ಸುತ್ತಿದಾಗ ಪುಲ್ಲಾ ಕೂಡ ಅನುಮಾನದಿಂದ ಅವನ ಮುಖ ನೋಡಿತು.

"ಸುಸ್ತಾಗಿದೀರ," ಎಂದು ಸಿರ್ಕಾ ಬಂಡೆಯ ಮೇಲೆ ಕರವಸ್ತ್ರ ಹಾಸಿ, ಥರ್ಮಾಸಿನಿಂದ ಕಾಫಿ ಬಗ್ಗಿಸಿ, ಏಲಕ್ಕಿ ಬನ್ನು ಮುರಿದು, ದೊಡ್ಡ ಅರ್ಧವನ್ನು ಅವನಿಗೆ ಕೊಟ್ಟಳು. ಕಾಫಿ ಬಿಸಿಯಾಗಿತ್ತು, ಬನ್ನು ಮೆತ್ತಗಿತ್ತು. ಶತ್ರುವಿನ ಕೈಯ ಬನ್ನು ಅಷ್ಟು ರುಚಿಯಾಗಿರಬಾರದಿತ್ತು ಎಂದು ಆಲ್ಪೊನಿಗೆ ಅನ್ನಿಸಿತು. ಗಡಿಯಾರ ನೋಡಿದ. ಪಿರಾಕ್ಕದ ಹಿಟ್ಟು ಸಂಜೆಯೇ ಕಲಸಿಡಬೇಕು. ಬೇರೆ ದಾರಿ ಕಾಣಲಿಲ್ಲ.

"ಸಿರ್ಕಾ ಅವರೇ, ಒಂದ್ನಿಮಿಷ... ನಾನು ಸ್ವಲ್ಪ... ಆ ಮರದ ಹಿಂದೆ..."

"ಓ, ಹೋಗಿ ಬನ್ನಿ. ವಯಸ್ಸಾದ್ಮೇಲೆ ಇದೆಲ್ಲ ಇದ್ದಿದ್ದೇ. ನಾನು ಆ ಕಡೆ ತಿರುಗಿ ನಿಂತಿರ್ತೀನಿ, ನಿಧಾನ ಮಾಡಿ." ಆಕೆ ತಿರುಗಿ ನಿಂತದ್ದೇ ಅಲ್ಲದೆ, ಅವನಿಗೆ ಸಂಕೋಚವಾಗದಿರಲೆಂದು ನಾಯಿಯನ್ನೂ ಅತ್ತ ತಿರುಗಿಸಿ ಹಿಡಿದುಕೊಂಡಳು.

ಅದನ್ನು ನೋಡಿ ಆಲ್ಪೊನಿಗೆ ಒಂದು ಕ್ಷಣ ನಾಚಿಕೆಯಾಯಿತು. ಆಮೇಲೆ ಓಡಿದ.

ದಕ್ಷಿಣಕ್ಕೆ ಹೋಗಲು ಜೌಗು ದಾಟುವುದೇ ಹತ್ತಿರದ ದಾರಿ. ನಡುವೆ ಎಡಗಾಲು ಮೊಣಕಾಲಿನವರೆಗೆ ಹೂತಿತು. ಎಳೆದ, ಕಾಲು ಬಂತು, ಬೂಟು ಬರಲಿಲ್ಲ. ಬಗ್ಗಿ ಹುಡುಕಲು ಹೊತ್ತಿಲ್ಲದೆ, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಐಲಾ ಹೆಣೆದ ಕಾಲುಚೀಲ ಹಾಕಿಕೊಂಡು, ಮದುವೆಮನೆಯಲ್ಲಿ ಚಪ್ಪಲಿ ಕಳೆದುಕೊಂಡ ನೆಂಟನಂತೆ ಕುಂಟುತ್ತ ಹೋದ.

ಜಾಗ ತಲುಪಿದಾಗ ಮಾತ್ರ ಎಲ್ಲ ಮರೆತುಹೋಯಿತು. ಹಳೆಯ ಸ್ಪ್ರೂಸ್ ಮರಗಳ ನಡುವೆ ಬಾಣಲೆಯಂತೆ ತಗ್ಗಾದ ನೆಲ, ಅದರ ತುಂಬ ಹಸಿರು ಪಾಚಿ, ಪಾಚಿಯ ತುಂಬ ಹಳದಿ ಕಾಲಿನ, ಕಂದು ಟೋಪಿಯ ಪುಟ್ಟ ಪುಟ್ಟ ಆಲಿಕೆಗಳು. ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳಂತೆ ಸಾಲು ಸಾಲು. ಆಲ್ಪೊ ಮಂಡಿಯೂರಿ, ತಾಯಿ ಕಲಿಸಿದಂತೆ ಬುಡವನ್ನು ಕೀಳದೆ ಚಾಕುವಿನಿಂದ ಕೊಯ್ಯತೊಡಗಿದ. ಯಾರೂ ನೋಡುತ್ತಿರಲಿಲ್ಲ. ಬುಟ್ಟಿ ತುಂಬುತ್ತ ಬಂತು.

ಆಗ ಎಲ್ಲೋ ಒಂದು ಕೊಂಬೆ ಮುರಿಯಿತು. ಪೊದೆ ಸೀಳಿಕೊಂಡು ಬೂದು ಬಣ್ಣದ, ಬಾಲ ಸುರುಳಿ ಸುತ್ತಿದ ನಾಯಿಯೊಂದು ಬಂದು ಅವನೆದುರು ನಿಂತಿತು. ರೈಮೊನ ಬೇಟೆನಾಯಿ ರೇಕು. ಆಲ್ಪೊನಿಗೆ ಚೆನ್ನಾಗಿ ಪರಿಚಯದ್ದೇ. ಎಷ್ಟೋ ಸಲ ಅವನ ಕೈಯಿಂದಲೇ ಸಾಸೇಜು ತಿಂದಿದೆ. ಆದರೆ ರೇಕು ಇವತ್ತು ಅವನ ಮುಖ ನೋಡಲಿಲ್ಲ. ಮೂಗನ್ನು ಕೋಟಿನ ಅಂಚಿಗೆ ತಂದಿತು. ಇಪ್ಪತ್ತು ವರ್ಷ ಮೂಸ್ ಚರ್ಮದೊಳಗೆ ಮಲಗಿದ್ದ ಕೋಟು. ನಾಯಿಯ ಮುಖದಲ್ಲಿ ಮೊದಲು ಅಚ್ಚರಿ, ಆಮೇಲೆ ಕರ್ತವ್ಯ ಮೂಡಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಕಾಲೂರಿ ನಿಂತು, ಒಂದೇ ಸಮನೆ ಬೊಗಳತೊಡಗಿತು.

ಬೇಟೆನಾಯಿ ಹೀಗೆ ನಿಂತಲ್ಲೇ ನಿಂತು ಬೊಗಳಿತೆಂದರೆ ಅರ್ಥ ಒಂದೇ: ಮೂಸ್ ಇಲ್ಲಿದೆ, ನಾನು ತಡೆದು ನಿಲ್ಲಿಸಿದ್ದೇನೆ, ಕೋವಿ ತೆಗೆದುಕೊಂಡು ಸದ್ದಿಲ್ಲದೆ ಬನ್ನಿ.

"ರೇಕು, ನಾನು ಕಣೋ. ಸುಮ್ಮನಿರೋ ಮಾರಾಯ."

ರೇಕು ಇನ್ನಷ್ಟು ಜೋರಾಗಿ ಬೊಗಳಿತು. ಮಾತನಾಡುವ ಮೂಸ್ ಅದಕ್ಕೆ ಇದೇ ಮೊದಲು.

ಆಲ್ಪೊ ಕಿತ್ತಳೆ ಜಾಕೀಟು ತೋರಿಸಲು ಕೋಟಿನ ಗುಂಡಿಗೆ ಕೈ ಹಾಕಿದ. ತುಂತುರಿನಲ್ಲಿ ನೆಂದ ಉಣ್ಣೆ ಉಬ್ಬಿ, ಗುಂಡಿಗಳು ಹೊಲಿದುಕೊಂಡಂತೆ ಕೂತಿದ್ದವು. ಒಂದೂ ಬಿಚ್ಚಲಿಲ್ಲ. ಟೋಪಿ ಇರುವ ಜೇಬಿನೊಳಗೆ ಕೈ ಹೋಯಿತು, ಮುಷ್ಟಿ ಕಟ್ಟಿದ ಮೇಲೆ ಹೊರಗೆ ಬರಲೊಲ್ಲದು. ಗಂಟೆ ಅಲ್ಲಾಡಿಸಿದ, ಪಾಚಿ ತುಂಬಿದ ಗಂಟೆ ಕೆಮ್ಮಿದಂತೆ ಸದ್ದು ಮಾಡಿತು. ಕ್ಷೇಮಕ್ಕೆಂದು ಕೊಟ್ಟಿದ್ದನ್ನೆಲ್ಲ ತಾನೇ ಒಂದೊಂದಾಗಿ ಮುಚ್ಚಿಟ್ಟಿದ್ದು ನೆನಪಾಗಿ ಅಳು ಬಂತು. ಬುಟ್ಟಿಯನ್ನು ಹೇಗೋ ಎತ್ತಿಕೊಂಡು ಪಕ್ಕದ ಬಂಡೆಯ ಮೇಲೆ ಹತ್ತಿದ. ಉಳಿದದ್ದು ಹಾಡೊಂದೇ.

ಹಾಡಬೇಕೆಂದರೆ ಯಾವ ಹಾಡೂ ನೆನಪಾಗಲಿಲ್ಲ. ಕೊನೆಗೆ ಗಂಟಲಿಗೆ ಬಂದದ್ದು, ಪ್ರತಿ ಡಿಸೆಂಬರಿನಲ್ಲಿ ಶಾಲಾ ಬಸ್ಸಿನ ಮಕ್ಕಳಿಂದ ಹಾಡಿಸುತ್ತಿದ್ದ ಕ್ರಿಸ್ಮಸ್ ಹಾಡು. ಅಕ್ಟೋಬರಿನ ಕಾಡಿನ ನಡುವೆ, ಹೆಂಗಸರ ಕೋಟು ತೊಟ್ಟು, ಒಂದೇ ಬೂಟಿನಲ್ಲಿ ಬಂಡೆಯ ಮೇಲೆ ನಿಂತು, ಆಲ್ಪೊ ಹಿಮ ಬಿತ್ತು, ನಕ್ಷತ್ರ ಮೂಡಿತು ಎಂದು ಕಿರುಚಿ ಹಾಡಿದ.

ಎರಡನೆಯ ಚರಣಕ್ಕೆ ಆಕಾಶದಿಂದ ಇನ್ನೊಂದು ಧ್ವನಿ ಸೇರಿಕೊಂಡಿತು.

ಆಲ್ಪೊನ ಬಾಯಿ ತೆರೆದಂತೆಯೇ ನಿಂತಿತು. ಇಷ್ಟು ವರ್ಷ ಅಣಬೆಗಾಗಿ ನೆಲವನ್ನಷ್ಟೇ ನೋಡುತ್ತಿದ್ದವನು ಆ ಜಾಗದಲ್ಲಿ ಮೊದಲ ಸಲ ಮೇಲೆ ನೋಡಿದರೆ, ಎರಡು ಸ್ಪ್ರೂಸ್ ಮರಗಳ ನಡುವೆ ಹಲಗೆಯ ಅಟ್ಟಣೆ. ಅದರ ಮೇಲೆ ಕಿತ್ತಳೆ ಬಟ್ಟೆ ಹಾಕಿಕೊಂಡು, ತೊಡೆಯ ಮೇಲೆ ಅರ್ಧ ಹೆಣೆದ ಕಾಲುಚೀಲ ಇಟ್ಟುಕೊಂಡು ಮೆರ್ಯಾ ಕೂತಿದ್ದಳು. ಊರಿನಲ್ಲಿ ಎಲ್ಲರ ಕೂದಲು ಕತ್ತರಿಸುವವಳು. ಚಿಕ್ಕವಳಿದ್ದಾಗ ದಿನಾ ಅವನ ಬಸ್ಸಿನಲ್ಲಿ ಮುಂದಿನ ಸೀಟಿಗೆ ಜಗಳವಾಡುತ್ತಿದ್ದಳು.

"ಸಾಲು ತಪ್ಪು ಹೇಳಿದ್ರಿ, ಆಲ್ಪೊ ಮಾಮ. ಹಿಮ ಆಮೇಲೆ ಬೀಳೋದು, ಮೊದಲು ನಕ್ಷತ್ರ."

"ನೀನು... ನೀನು ಯಾವಾಗಿಂದ ಇಲ್ಲಿದೀಯ?"

"ಬೆಳಗಿಂದ. ನೀವು ಮಂಡಿಯೂರಿ ಅಣಬೆ ಕೊಯ್ತಿದ್ರಲ್ಲ, ಎಷ್ಟು ನೆಮ್ಮದಿಯಾಗಿದ್ರಿ. ಯಾಕೆ ಕೆಡಿಸ್ಬೇಕು ಅಂತ ಸುಮ್ಮನಿದ್ದೆ."

ಆಕೆಯ ಪಕ್ಕದಲ್ಲಿದ್ದ ವಾಕಿಟಾಕಿ ಗೊರಗೊರ ಎಂದಿತು. ರೈಮೊನ ಧ್ವನಿ: "ಮೆರ್ಯಾ, ರೇಕು ಬೊಗಳ್ತಿದೆ. ಏನದು?"

"ಆಲ್ಪೊ ಮಾಮ ಹಿಲ್ಯಾಳ ಬಾಣಲೇಲಿ ಇದಾರೆ. ರೇಕು ಅವರನ್ನ ಬಂಡೆ ಹತ್ತಿಸಿದೆ. ಕ್ರಿಸ್ಮಸ್ ಹಾಡು ಹೇಳ್ತಿದಾರೆ."

"ಸದ್ಯ, ಸಿಕ್ಕಿದ್ನಲ್ಲ. ಉತ್ತರದ ದಿಣ್ಣೇಲಿ ಇಷ್ಟು ಹೊತ್ತು ಏನು ಸುತ್ತುತಿದಾನೆ ಅಂತ ಯೋಚನೆ ಆಗಿತ್ತು. ಎಲ್ಲರೂ ಕೇಳಿಸ್ಕೊಳ್ಳಿ, ಬಾಣಲೆ ಕಡೆ ಯಾರೂ ಕೋವಿ ತಿರುಗಿಸ್ಬೇಡಿ."

"ಗೊತ್ತು," ಎಂದಿತು ಒಂದು ಧ್ವನಿ.

"ಗೊತ್ತು," ಎಂದಿತು ಇನ್ನೊಂದು.

"ನಮ್ಮಪ್ಪನ ಕಾಲದಿಂದ ಗೊತ್ತು," ಎಂದಿತು ಮತ್ತೊಂದು.

ಬೇಟೆಯವರು ತಾವು ಕೂರುವ ಅಟ್ಟಣೆಗಳಿಗೆ ಹೆಸರಿಡುತ್ತಾರೆ: ಕಾಗೆ ಜೌಗು, ಮುರಿದ ಸೇತುವೆ, ಪಾದ್ರಿಯ ಬಂಡೆ. ಅವುಗಳಲ್ಲಿ ತನ್ನ ತಾಯಿಯ ಹೆಸರಿನದೂ ಒಂದಿದೆ ಎಂದು ಕೇಳಿದ ಆಲ್ಪೊನ ಕಾಲು ಬಂಡೆಯ ಮೇಲೆ ನಿಲ್ಲಲಿಲ್ಲ. ಬೂಟಿಲ್ಲದ ಕಾಲು ಜಾರಿತು. ಅವನೊಂದು ಕಡೆ ಬಿದ್ದ, ಬುಟ್ಟಿಯೊಂದು ಕಡೆ ಬಿತ್ತು. ಕಣಕಾಲು ಲಟಕ್ಕೆಂದಿತು. ನೆಲದ ಮೇಲೆ ರಾಶಿಯಾಗಿ ಚೆಲ್ಲಿದ ಅಣಬೆಯನ್ನು ರೇಕು ಒಮ್ಮೆ ಮೂಸಿ, ಇವತ್ತಿನ ಬೇಟೆ ತನ್ನದೇ ಎಂಬ ಗುರುತಿಗೆ, ಅದರ ಮೇಲೆ ಸಾವಕಾಶವಾಗಿ ಕಾಲೆತ್ತಿತು.

ಇದೇ ಹೊತ್ತಿಗೆ ಪೊದೆಯಿಂದ ಮೊದಲು ಕಿತ್ತಳೆ ಕೊಡೆ, ಆಮೇಲೆ ಪುಲ್ಲಾ, ಕೊನೆಗೆ ಸಿರ್ಕಾ ಹೊರಬಂದರು. ಆಕೆಯ ಕೈಯಲ್ಲಿ ಕೆಸರು ಸುರಿಯುವ ಒಂದು ಬೂಟಿತ್ತು.

"ನಿಮ್ಮದೇ ಅಲ್ವಾ ಇದು? ಮರದ ಹಿಂದೆ ಹೋದವರು ಬರಲೇ ಇಲ್ಲ. ಏನಾಯ್ತೋ ಅಂತ ಹುಡುಕ್ತಾ ಬಂದೆ. ಜೌಗಿನ ಹತ್ತಿರ ದಿಕ್ಕು ತಪ್ಪಿತ್ತು, ಆಮೇಲೆ ನಿಮ್ಮ ಹಾಡು ಕೇಳಿಸ್ತು ನೋಡಿ, ಅದರ ಜಾಡು ಹಿಡಿದೇ..." ಆಕೆಯ ಮಾತು ಅಲ್ಲಿಗೆ ನಿಂತಿತು. ಕಣ್ಣು ನೆಲದ ಮೇಲೆ ಹರಿಯಿತು. ಪಾಚಿಯ ತುಂಬ ಇನ್ನೂ ಕೊಯ್ಯದೆ ಉಳಿದ ಸಾಲು ಸಾಲು ಆಲಿಕೆಗಳು.

"ಓ," ಎಂದಳು ಸಿರ್ಕಾ, ಇಗರ್ಜಿಯೊಳಗೆ ಮಾತಾಡುವಷ್ಟು ಮೆಲ್ಲಗೆ.

ಇಡೀ ಕೈವೋಲಾದಲ್ಲಿ ಆ ಜಾಗ ಗೊತ್ತಿಲ್ಲದವಳು ಆಕೆಯೊಬ್ಬಳೇ ಆಗಿದ್ದಳು. ಆಕೆಯನ್ನು ಹಾಡು ಹೇಳಿ ಕರೆತಂದವನು ಆಲ್ಪೊ.

ಮೂಸ್ ಎಳೆಯುವ ಜಾರುಬಂಡಿ ತಂದು, ನಾಲ್ವರು ಸೇರಿ ಆಲ್ಪೊನನ್ನು ಅದರಲ್ಲಿ ಮಲಗಿಸಿದರು. ಮೆರ್ಯಾ ಕತ್ತರಿಯಿಂದ ಕೋಟಿನ ಗುಂಡಿಗಳನ್ನು ಕತ್ತರಿಸಿ ಕಿತ್ತಳೆ ಜಾಕೀಟನ್ನು ಬಿಡುಗಡೆ ಮಾಡಿದಳು. ಹೆಂಡತಿಯ ಹುಟ್ಟುಹಬ್ಬದ ಪಿರಾಕ್ಕ ಹೋಯಿತೆಂದು ಆಲ್ಪೊ ಗೊಣಗುವುದನ್ನು ಕೇಳುತ್ತ ಕಾಲಿಗೆ ಪಟ್ಟಿ ಬಿಗಿದ ಸಿರ್ಕಾ, "ನೀವು ಹೊರಡಿ. ನಾನು ಇಲ್ಲೇ ಸ್ವಲ್ಪ ಹೊತ್ತು ಇದ್ದು ಬರ್ತೀನಿ," ಎಂದಳು. ಆಕೆಯ ಜೇಬಿನಿಂದ ಬಟ್ಟೆಯ ಚೀಲವೊಂದು ಆಗಲೇ ಹೊರಗೆ ಬಂದಿತ್ತು. ಆಲ್ಪೊ ಜಾರುಬಂಡಿಯಲ್ಲಿ ಹಿಂದುಮುಂದಾಗಿ ಮಲಗಿದ್ದರಿಂದ, ಆಕೆ ಬಗ್ಗಿ ಅಣಬೆ ಕೊಯ್ಯುವುದು ಮರಗಳು ಅಡ್ಡ ಬರುವವರೆಗೂ ಕಾಣುತ್ತಿತ್ತು.

ಊರ ಅಂಚಿನಲ್ಲಿ ಯಾರೋ, "ಏನು ರೈಮೊ, ಈ ವರ್ಷ ಕೊಂಬಿಲ್ಲದ್ದು ಸಿಕ್ತಾ?" ಎಂದರು.

"ಕೊಂಬು ಇತ್ತು. ಇವತ್ತು ಉದುರಿತು," ಎಂದ ರೈಮೊ.

ಬೇಟೆಯವರ ಗುಡಿಸಲಿನಲ್ಲಿ ಕಾಲನ್ನು ಮಣೆಯ ಮೇಲಿಟ್ಟು ಕೂರಿಸಿ ಕಾಫಿ ಕೊಟ್ಟರು. ಆಲ್ಪೊ ಲೋಟವನ್ನು ಎರಡು ಸಲ ತಿರುಗಿಸಿ ಇಟ್ಟ. ಕೊನೆಗೆ ಕೇಳಿದ, "ಯಾರು ಹೇಳಿದ್ರು ನಿಮಗೆ?"

ರೈಮೊ ಟೋಪಿಯಿಲ್ಲದ ತಲೆಯನ್ನು ಬಟ್ಟೆಯಿಂದ ಒರೆಸಿಕೊಂಡ. "ನಿಮ್ಮಮ್ಮನೇ."

"ಸುಳ್ಳು."

"ನಮ್ಮಪ್ಪ ಮುಖಂಡ ಆಗಿದ್ದ ಕಾಲ. ನೀನಾಗ ಹಿಲ್ಯಾಳ ಕೋಟಿನ ಅಂಚು ಹಿಡ್ಕೊಂಡು ಕಾಡಿಗೆ ಹೋಗೋಕೆ ಶುರು ಮಾಡಿದ್ದೆ. ಒಂದು ಸಂಜೆ ಹಿಲ್ಯಾ ಇದೇ ಗುಡಿಸಲಿಗೆ ಬಂದ್ಳಂತೆ. ಒಂದು ಬಾಣಲೆ ಹುರಿದ ಅಣಬೆ ಮೇಜಿನ ಮೇಲಿಟ್ಟು, ಜಾಗ ಎಲ್ಲಿ ಅಂತ ಮರ ಮರದ ಗುರುತು ಸಮೇತ ಎಲ್ಲರಿಗೂ ಹೇಳಿದ್ಳಂತೆ. 'ಮಗ ನನ್ನ ಜೊತೆ ಬರ್ತಾನೆ. ಆ ಕಡೆ ಯಾರೂ ಕೋವಿ ತಿರುಗಿಸ್ಬೇಡಿ,' ಅಂದ್ಳಂತೆ. ಆವತ್ತೇ ಅಲ್ಲಿ ಅಟ್ಟಣೆ ಕಟ್ಟಿದ್ದು, ಅಲ್ಲಿಂದ ಯಾರೂ ಹೊಡೀಬಾರದು, ಸುಮ್ಮನೆ ಕೂತು ಕಾಯ್ಬೇಕು ಅಂತ. ಕಣ್ಣು ಮಂದ ಆದವರು, ಭುಜ ನೋವಿರೋರು, ಯಾರಾದ್ರೂ ಒಬ್ರು ಪ್ರತಿ ವರ್ಷ ಕೂರ್ತೀವಿ. ಈ ಸಲ ಮೆರ್ಯಾಗೆ ಕಾಲುಚೀಲ ಮುಗಿಸೋದಿತ್ತು."

"ಮತ್ತೆ ಅಮ್ಮ ನನ್ನ ಹತ್ತಿರ ಯಾರಿಗೂ ಹೇಳಿಲ್ಲ ಅಂದ್ಳಲ್ಲ."

"ಅದೂ ಹೇಳಿದ್ಳಂತೆ. 'ನನ್ನ ಹುಡುಗನಿಗೆ ಮಾತ್ರ ಗೊತ್ತಾಗೋದು ಬೇಡ. ಗುಟ್ಟು ಅಂದ್ರೆ ಅವನಿಗೆ ಪ್ರಾಣ,' ಅಂತ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತೆಂದು ನಗುತ್ತೇವೆ. ಸುತ್ತ ನಿಂತವರೂ ಅದರ ಸಲುವಾಗಿ ಐವತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದರೆ ಆ ಬೆಕ್ಕು ಏನು ಮಾಡಬೇಕು? ಆಲ್ಪೊ ಕಾಫಿ ಪೂರ್ತಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ತಲೆ ಎತ್ತಿ, "ಹಾಗಾದ್ರೆ ನಿನ್ನ ಅಣಬೆ ಜಾಗ ಎಲ್ಲಿ, ರೈಮೊ?" ಎಂದ.

ಗುಡಿಸಲಿನಲ್ಲಿದ್ದವರೆಲ್ಲ ಒಟ್ಟಿಗೆ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡರು.

"ಅದೆಲ್ಲ ಕೇಳ್ಬಾರದಪ್ಪ," ಎಂದ ರೈಮೊ.

ಮನೆಯಲ್ಲಿ ಐಲಾ ಕಾಲಿಗೆ ತಣ್ಣೀರು ಬಟ್ಟೆ ಹಾಕುತ್ತ ಎಲ್ಲವನ್ನೂ ಕೇಳಿದಳು. ಎಲ್ಲಿಯೂ ಆಶ್ಚರ್ಯಪಡಲಿಲ್ಲ.

"ನಿನಗೂ ಗೊತ್ತಿತ್ತಾ?"

"ಮದುವೆಯಾದ ವರ್ಷವೇ ಅತ್ತೆ ಹೇಳಿದ್ರು. ಪ್ರತಿ ವರ್ಷ ನೀನು ಉತ್ತರ ಅಂದ ಕೂಡ್ಲೇ ನಾನು ರೈಮೊಗೆ ಫೋನ್ ಮಾಡ್ತೀನಿ, ದಕ್ಷಿಣಕ್ಕೆ ಹೊರಟಿದಾನೆ ಅಂತ."

"ಪಿರಾಕ್ಕಕ್ಕೆ ಅಣಬೆ ಇಲ್ಲ, ಐಲಾ."

"ಕಾಲಿದೆಯಲ್ಲ. ಸಾಕು ಬಿಡು," ಎಂದಳು ಆಕೆ. ಆದರೆ ಹಿಟ್ಟಿನ ಡಬ್ಬಿಯನ್ನು ಮತ್ತೆ ಕಪಾಟಿನಲ್ಲಿಡುವಾಗ ಸ್ವಲ್ಪ ನಿಧಾನ ಮಾಡಿದಳು. ಅದನ್ನು ಆಲ್ಪೊ ನೋಡಿದ.

ಭಾನುವಾರ ಮಧ್ಯಾಹ್ನ ಮನೆ ತುಂಬಿತು. ಮೆರ್ಯಾ ಹೂವು ತಂದಳು. ರೈಮೊ ತನ್ನ ಟೋಪಿ ಕೇಳಿಕೊಂಡು ಬಂದ ನೆಪದಲ್ಲಿ ಮೇಜಿಗೆ ಕೂತ. ಟಾಂಪೆರೆಯ ಅಕ್ಕ ಮೇಜಿನ ಮೇಲ್ಗಡೆ ಕಣ್ಣಾಡಿಸಿ, "ಎಲ್ಲಿ, ಆ ಪ್ರಸಿದ್ಧ ಪಿರಾಕ್ಕ? ದಾರಿಯುದ್ದಕ್ಕೂ ಅದನ್ನೇ ನೆನೆಸ್ಕೊಂಡು ಬಂದೆ," ಎಂದಳು. ಐಲಾ, "ಕೇಕ್ ಇದೆ ಅಕ್ಕ, ತಗೋ," ಎಂದಳು.

ಆಲ್ಪೊ ಏನೋ ತರುವವನಂತೆ ಎದ್ದು, ಕೋಲೂರಿ ಅಡುಗೆಮನೆಗೆ ಹೋದ. ಕಿಟಕಿಯ ಬಳಿ ನಿಂತಿದ್ದಾಗ ಹಿಂಬಾಗಿಲಿಗೆ ಯಾರೋ ಮೆಲ್ಲಗೆ ತಟ್ಟಿದರು. ಬಾಗಿಲು ತೆರೆಯುವ ಮೊದಲೇ ವಾಸನೆ ಬಂತು: ಹೊಗೆ, ಪಾಚಿ, ಮೆಣಸಿನಂಥ ತೆಳು ಘಾಟು.

ಹೊರಗೆ ಸಿರ್ಕಾ. ಇವತ್ತು ಆಕೆಯ ಮೈಮೇಲೆ ಕಿತ್ತಳೆ ಇರಲಿಲ್ಲ. ಒಳ್ಳೆಯ ನೀಲಿ ಅಂಗಿ ಹಾಕಿಕೊಂಡಿದ್ದಳು. ಎರಡು ಕೈಯಲ್ಲಿ, ಬಿಳಿ ಬಟ್ಟೆ ಮುಚ್ಚಿದ ಅಗಲವಾದ ಬಿಸಿ ತಟ್ಟೆ. ಉಗುರಿನ ಸಂದಿಯಲ್ಲಿ ಇನ್ನೂ ಕಾಡಿನ ಮಣ್ಣಿತ್ತು. ಯಾವಾಗಲೂ ಮಾತಾಡುವವಳು ಒಮ್ಮೆ ಅವನ ಕಾಲು ನೋಡಿದಳು, ಒಮ್ಮೆ ಒಳಮನೆಯ ಕಡೆ ನೋಡಿದಳು. ಬಾಯಿಯ ಮೇಲೆ ಬೆರಳಿಡಲು ಕೈ ಖಾಲಿ ಇರಲಿಲ್ಲವಾದ್ದರಿಂದ ತುಟಿ ಮಾತ್ರ ಬಿಗಿದು, ಯಾರಿಗೂ ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿದಳು.

ಆಲ್ಪೊ ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈ ಚಾಚಿದ. ಆಕೆ ಸದ್ದಿಲ್ಲದೆ ತಟ್ಟೆಯನ್ನು ಅವುಗಳ ಮೇಲೆ ಇಟ್ಟಳು.